ಚಿಂದಿಯನ್ನು ಸಾಕಿದ್ದು

ಬೀದಿಯವರು ಅವನನ್ನು ಕತ್ತರಿ ಮಾಸ್ತರ ಎಂದು ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವವರು ಆ ಬೀದಿಯಲ್ಲಿ ಇನ್ನೂ ಇಬ್ಬರಿದ್ದರು. ಆದರೂ ಹೆಸರು ಅಂಟಿಕೊಂಡದ್ದು ಇವನಿಗೇ, ಯಾಕೆಂದರೆ ಇವನು ಮಾತನ್ನೂ ಕತ್ತರಿಸುತ್ತಿದ್ದ. ಎದುರಿಗಿದ್ದವರು ಹೇಳಬೇಕೆಂದಿದ್ದುದರಲ್ಲಿ ಅರ್ಧ ಹೇಳಿರುವಾಗಲೇ "ಸಾಕು" ಎಂದುಬಿಡುವನು. ಗಿರಾಕಿ ತನ್ನ ಜೇಬು ಹೇಗಿರಬೇಕೆಂದು ವಿವರಿಸತೊಡಗಿದರೆ "ಸಾಕು". ಮಗಳು ಚಿಕ್ಕವಳಿದ್ದಾಗ ಶಾಲೆಯ ಸುದ್ದಿ ಹೊತ್ತು ಓಡಿಬಂದರೆ "ಸಾಕು". ಆ ಮಾತನ್ನು ಎಲ್ಲರಿಗಿಂತ ಹೆಚ್ಚು ತಿಂದವಳು ಹೆಂಡತಿ.

ಹೆಂಡತಿಗೆ ಬೀದಿ ಕೊಟ್ಟ ಹೆಸರು ರೇಡಿಯೋ. ಮನೆಯ ಮುಂದಿನ ಕೋಣೆಯೇ ಅಂಗಡಿಯಾದ್ದರಿಂದ ಅವಳ ಕೆಲಸವೂ ಅಲ್ಲೇ. ಬಾಗಿಲ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಕಾಜ ಹೊಲಿಯುವುದು, ಗುಂಡಿ ಹಚ್ಚುವುದು, ಪ್ಯಾಂಟಿನ ಕಾಲಂಚು ಮಡಿಸಿ ಕೈಹೊಲಿಗೆ ಹಾಕುವುದು. ಕೈಗಿಂತ ಬಾಯಿ ಒಂದು ಹೆಜ್ಜೆ ಮುಂದೆ. ಯಾರ ಮಗನಿಗೆ ಯಾವ ಕೆಲಸ ಸಿಕ್ಕಿತು, ಯಾರಿಗೆ ಸೊಂಟ ಹಿಡಿದುಕೊಂಡಿದೆ, ಯಾವ ಬಾಡಿಗೆಮನೆಯಲ್ಲಿ ತಿಗಣೆ ಇದೆ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದದ್ದು ಹೊಟ್ಟೆಯಲ್ಲಿ ನಿಲ್ಲದು. ಮಾಸ್ತರ ಟೇಪನ್ನು ಕೊರಳಿಗೆ ಹಾಕಿಕೊಂಡು, ಮುಖ ಗಂಟಿಕ್ಕಿಕೊಂಡು ನಿಂತಿರುತ್ತಿದ್ದ. ಜನ ತನ್ನ ಹೊಲಿಗೆ ಮೆಚ್ಚಿ ಬರುತ್ತಾರೆಂದು ಅವನ ಎಣಿಕೆ. ಜನ ಬರುತ್ತಿದ್ದದ್ದು ಅವಳೊಡನೆ ಹರಟುವುದಕ್ಕೆ. ಬರಿಗೈಯಲ್ಲಿ ಬರುವುದು ಹೇಗೆಂದು ಒಂದು ತುಂಡು ಬಟ್ಟೆ ತರುತ್ತಿದ್ದರು. ಇದು ಬೀದಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ನಾಯಿಯನ್ನು ಯಾರೂ ತಂದದ್ದಲ್ಲ. ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನು ಬಾಗಿಲ ಹೊರಗೆ ಗೋಣಿಚೀಲದಲ್ಲಿ ತುಂಬಿಡುತ್ತಿದ್ದರು. ಒಂದು ಚಳಿಗಾಲ ಅದರೊಳಗೆ ಹೊಕ್ಕು ಮಲಗಿದ ಮರಿ ಮತ್ತೆ ಹೊರಡುವ ಮಾತೇ ಎತ್ತಲಿಲ್ಲ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು, ಬೆನ್ನ ತುಂಬ ಕಜ್ಜಿ. ಹೆಂಡತಿ ಅದಕ್ಕೆ ಚಿಂದಿ ಎಂದು ಹೆಸರಿಟ್ಟಳು. ತನ್ನ ತಟ್ಟೆಯ ಕೊನೆಯ ತುತ್ತು ಹಾಕಿದಳು, ಕಜ್ಜಿಗೆ ಎಣ್ಣೆ ಸವರಿದಳು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದರ ಜೊತೆ ಮಾತಾಡಿದಳು. ಚಿಂದಿಯ ದೊಡ್ಡ ಗುಣವೆಂದರೆ ಅದು ಪೂರ್ತಿ ಕೇಳುತ್ತಿತ್ತು. ಆದರೆ ಹೊಸ್ತಿಲು ದಾಟಕೂಡದೆಂದು ಮಾಸ್ತರನ ಕಟ್ಟಪ್ಪಣೆ. ಮೂಗು ಒಳಗಿಟ್ಟರೂ ಗಜಕಡ್ಡಿಯ ಏಟು ಬೀಳುತ್ತಿತ್ತು.

ಒಂದು ಮಧ್ಯಾಹ್ನ ರೇಡಿಯೋ ನಿಂತಿತು. ಮಾಸ್ತರ ಅವಳಿಗೆ ಬೆನ್ನು ಮಾಡಿ ಮೆಷಿನ್ ತುಳಿಯುತ್ತಿದ್ದ. ಯಾರದೋ ನಾದಿನಿಯ ಕತೆ ಹೇಳುತ್ತಿದ್ದವಳು ನಡುವೆ ತಡವರಿಸಿ, ಏನೋ ತೊದಲಿ, ಸುಮ್ಮನಾದಳು. ಅವನಿಗೆ ಆ ಮೌನ ಹಿತವಾಯಿತು.

"ಅಂತೂ ಬ್ಯಾಟರಿ ಮುಗೀತಾ?" ಎಂದ, ತಿರುಗಿ ನೋಡದೆ. ಹಾಗೆಯೇ ಒಂದು ಪ್ಯಾಂಟಿನ ಎರಡೂ ಕಾಲು ಹೊಲಿದು ಮುಗಿಸಿದ. ಬಾಗಿಲಲ್ಲಿ ಚಿಂದಿ ಒಂದೇ ಸಮನೆ ಬೊಗಳುತ್ತಿತ್ತು. ಅದಕ್ಕೆ ನಾಲ್ಕು ಬಾರಿಸೋಣವೆಂದು ಗಜಕಡ್ಡಿ ಹಿಡಿದು ಎದ್ದಾಗಲೇ ಅವನು ತಿರುಗಿದ್ದು. ಅವಳು ಗೋಡೆಗೆ ಒರಗಿಕೊಂಡು ಸ್ಟೂಲಿನಿಂದ ಅರ್ಧ ಜಾರಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಸೂಜಿ ಇನ್ನೂ ಕಾಜದಲ್ಲೇ ಇತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟರು. ಅದನ್ನು ಮಾಸ್ತರ ಕತ್ತರಿಸಬೇಕಾಗಿ ಬರಲಿಲ್ಲ.

ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಮಾತು. ನರ್ಸು ನೀರು ಕುಡಿಸುವಾಗ ಅದು ಮೊದಲು ಹೊರಬಿತ್ತು: "ಸಾಕು." ಆಮೇಲೆ ಎಲ್ಲಕ್ಕೂ ಅದೇ. ನೀರು ಬೇಕಾದರೂ "ಸಾಕು", ಬೇಡವಾದರೂ "ಸಾಕು", ಮಗಳ ಮುಖ ಕಂಡು ಕಣ್ಣು ತುಂಬಿಬಂದರೂ "ಸಾಕು". ತಲೆಯಾಡಿಸುವುದನ್ನೂ ನಂಬುವಂತಿರಲಿಲ್ಲ, ಹೌದಿಗೂ ಇಲ್ಲಕ್ಕೂ ತಲೆ ಒಂದೇ ಕಡೆಗೆ ವಾಲುತ್ತಿತ್ತು. ಜನ್ಮವಿಡೀ ಆಡಿದ ರಾಶಿ ರಾಶಿ ಮಾತುಗಳಲ್ಲಿ ಅವಳದೆಂಬುದು ಒಂದೂ ಉಳಿಯದೆ, ಗಂಡನ ಮಾತೊಂದು ಉಳಿಯಿತು. ಬೀದಿಯವರು ಇದನ್ನು ಹೇಳಿಕೊಂಡು ನಕ್ಕರು. ಅಯ್ಯೋ ಪಾಪ ಎಂದು ಶುರುಮಾಡಿ ನಗುವುದರಲ್ಲಿ ಮುಗಿಸುವ ಜನ ಅವರು.

ನ್ಯಾಯ ಹೇಳಬೇಕೆಂದರೆ ಮಾಸ್ತರ ಅವಳನ್ನು ಕೈಬಿಡಲಿಲ್ಲ. ಮೈ ಒರೆಸಿದ, ಮಗ್ಗುಲು ಹೊರಳಿಸಿದ, ಮಲಮೂತ್ರ ತೆಗೆದ, ಗಂಜಿ ಕುಡಿಸಿದ. ಮಂಚವನ್ನು ಅಂಗಡಿಯ ಕೋಣೆಗೇ ತಂದು ಕತ್ತರಿಸುವ ಮೇಜಿನ ಪಕ್ಕ ಹಾಕಿದ. ಕೈ ಎಷ್ಟು ಅಚ್ಚುಕಟ್ಟೋ ನಾಲಗೆ ಅಷ್ಟೇ ಹರಿತ. "ತೆಗಿ ಬಾಯಿ. ಬೇಡದ ಮಾತಿಗೆಲ್ಲ ತೆರೀತಿತ್ತಲ್ಲ, ಈಗೇನು?" ಎನ್ನುತ್ತ ಚಮಚ ಇಡುವನು. ಅವಳ ಗಲ್ಲದ ಮೇಲೆ ಇಳಿದ ಗಂಜಿಯನ್ನು ಒರೆಸುವ ಕೈ ಮೃದುವಾಗಿತ್ತು ಎಂಬುದೂ ನಿಜ. ಎರಡೂ ಒಬ್ಬನಲ್ಲೇ ಇದ್ದವು, ಏನು ಮಾಡುವುದು. ಅವಳು ಮಾತ್ರ ಅವನ ಕಡೆ ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು.

ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋ ಹುಡುಗಿ ಬರತೊಡಗಿದಳು. ಬಲಗೈ ಹಿಡಿದು ಎತ್ತುವಳು, ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬೀಳುವುದು. "ಆಂಟಿ, ನೀವೂ ಸ್ವಲ್ಪ ಮನಸ್ಸು ಮಾಡಿ" ಎಂದು ಅವಳು ಗೋಗರೆದರೆ "ಸಾಕು". ಒಂದು ದಿನ ಹುಡುಗಿ ಬಾಗಿಲು ಮುಂದೆ ಮಾಡುವುದನ್ನು ಮರೆತಳು. ಚಿಂದಿ ಹೊಸ್ತಿಲ ಮೇಲೆ ನಿಂತು ಅತ್ತಿತ್ತ ನೋಡಿ, ಮಾಸ್ತರ ಒಳಗಿನ ಕೋಣೆಯಲ್ಲಿರುವುದನ್ನು ಖಚಿತಮಾಡಿಕೊಂಡು, ನೆಟ್ಟಗೆ ಬಂದು ಮಂಚದಿಂದ ಇಳಿಬಿದ್ದಿದ್ದ ಕೈಯ ಕೆಳಗೆ ತಲೆ ತೂರಿಸಿತು. ಬೆರಳು ಅಲುಗಿತು. ಮೊದಲು ಒಂದು, ಆಮೇಲೆ ಪಕ್ಕದ್ದು. ಜೋತುಕಿವಿಯ ಬುಡದಲ್ಲಿ ಅವು ತಡಕಾಡಿದವು.

"ಅಂಕಲ್, ಬೇಗ ಬನ್ನಿ, ಆಂಟಿ ಕೈ ಆಡಿಸ್ತಿದ್ದಾರೆ" ಎಂದು ಹುಡುಗಿ ಕೂಗಿದಳು. ಮಾಸ್ತರ ಬಂದು ನೋಡಿದ. ಅವನ ಕಣ್ಣಿಗೆ ಮೊದಲು ಕಂಡದ್ದು ನಾಯಿ.

"ಇದನ್ನ ಒಳಗೆ ಬಿಟ್ಟಿದ್ದು ಯಾರು?"

"ಅಂಕಲ್, ನಾನು ಇಷ್ಟು ದಿನ ಒದ್ದಾಡಿದ್ರೂ ಆಗದ್ದು ಇದರಿಂದ ಆಗಿದೆ. ದಯವಿಟ್ಟು ಓಡಿಸ್ಬೇಡಿ. ಸಾಕಿದ ಪ್ರಾಣಿ ಹತ್ರ ಇದ್ರೆ ಮನಸ್ಸು ತಿಳಿಯಾಗುತ್ತೆ, ಬಿಪಿನೂ ಹತೋಟೀಲಿರುತ್ತೆ. ಅವರಿಗೂ ಒಳ್ಳೇದು, ಅದಕ್ಕೂ ಒಳ್ಳೇದು."

"ನನಗೆ?" ಎಂದು ಮಾಸ್ತರ ಕೇಳಿದ. ಹುಡುಗಿ ಅದನ್ನು ತಮಾಷೆ ಎಂದುಕೊಂಡು ನಕ್ಕಳು.

ಹೀಗೆ ಚಿಂದಿ ಒಳಗೆ ಬಂತು. ಒಳ್ಳೆಯದಾದದ್ದು ಇಬ್ಬರಿಗೂ ನಿಜ. ಮಗಳು ತಂದಿಟ್ಟ ಬಿಸ್ಕತ್ತನ್ನು ಹೆಂಡತಿ ಬಲಗೈಯಲ್ಲಿ ಹಿಡಿದು, ನಡುಗುತ್ತ, ಅದರ ಬಾಯಿಯ ಮಟ್ಟಕ್ಕೆ ಒಯ್ಯುತ್ತಿದ್ದಳು. ಬಿದ್ದರೆ ಮತ್ತೆ ಹಿಡಿಯುತ್ತಿದ್ದಳು. ಚಿಂದಿ ಕಿತ್ತುಕೊಳ್ಳದೆ ಕಾಯುತ್ತಿತ್ತು. ಅದರ ಕಜ್ಜಿ ಮಾಯಿತು, ಸ್ಕೂಟರುಗಳ ಹಿಂದೆ ಓಡುವ ಚಾಳಿ ಬಿಟ್ಟಿತು, ಪಕ್ಕೆಲುಬು ಮುಚ್ಚುವಷ್ಟು ಮಾಂಸ ಬಂತು. ಅವಳು ದಿಂಬಿನಿಂದ ಜಾರಿದರೆ ಅದು ಮೆಷಿನ್ನಿನ ಹತ್ತಿರ ಓಡಿಹೋಗಿ ಮಾಸ್ತರನ ಪ್ಯಾಂಟಿನ ತುದಿ ಎಳೆಯುತ್ತಿತ್ತು. ಅವಳ "ಸಾಕು" ಅದಕ್ಕೆ ಮಾತ್ರ ಬೇರೆ ರಾಗದಲ್ಲಿ ಬರುತ್ತಿತ್ತು. ಉದ್ದಕ್ಕೆ ಎಳೆದು, ಏರಿಸಿ ಇಳಿಸಿ, ಒಂದಾದ ಮೇಲೊಂದು ಸಾಕು ಸಾಕು ಎಂದು ಅವಳು ಅದಕ್ಕೆ ಇಡೀ ಬೀದಿಯ ಸುದ್ದಿ ಹೇಳುತ್ತಿದ್ದಳು. ಮಗಳು ಅದನ್ನು ಕೇಳಿ ನಗುತ್ತ ಅತ್ತಳು.

ಮಾಸ್ತರನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಇದನ್ನು ಅಡಗಿಸಿ ಹೇಳುವುದರಲ್ಲಿ ಅರ್ಥವಿಲ್ಲ: ಅರವತ್ತರ ಹತ್ತಿರದ ಗಂಡಸು ಒಂದು ಬೀದಿನಾಯಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ. ಹೇಲು ಬಳಿಯುವವನು ತಾನು, ಬೆರಳು ಆಡುವುದು ನಾಯಿಗೆ. ಒಮ್ಮೆ ಯಾರೂ ಇಲ್ಲದಾಗ ಅವನು ಚಿಂದಿಯನ್ನು ಹೊರಗೆ ಹಾಕಿ, ಮಂಚದ ಪಕ್ಕ ಕೂತು, ತನ್ನ ಕೈಯನ್ನು ಅವಳ ಬಲಗೈಯ ಕೆಳಗೆ ಇಟ್ಟು ಕಾದ. ಬೆರಳು ಅಲುಗಲಿಲ್ಲ. "ಸಾಕು" ಎಂದಳು, ಮೊಂಡಾಗಿ, ಅವನು ಜೀವಮಾನವೆಲ್ಲ ಹೇಳುತ್ತಿದ್ದ ಹಾಗೆಯೇ.

ನೆಪ ಸಿಕ್ಕಲು ತಡವಾಗಲಿಲ್ಲ. ಗಿರಾಕಿಗಳು ಆಗಲೇ ಚದುರಿದ್ದರು. ಉಳಿದವರಲ್ಲಿ ಒಬ್ಬ ಲಾಯರು. ಅವರ ಕರಿ ಕೋಟನ್ನು ಮಾಸ್ತರ ಇಸ್ತ್ರಿ ಮಾಡಿ ಮೇಜಿನ ಅಂಚಿಗೆ ಇಟ್ಟಿದ್ದ. ಅದು ಜಾರಿ ಕೆಳಗೆ ಬಿತ್ತು, ಚಿಂದಿ ಅದರ ಮೇಲೆ ಸುಖವಾಗಿ ಮಲಗಿತು. ಲಾಯರು ಕೋಟು ಎತ್ತಿ ಬೆಳಕಿಗೆ ಹಿಡಿದರು.

"ಮಾಸ್ಟ್ರೇ, ನಾನು ಕೋಟು ಕೊಟ್ಟಿದ್ದು. ನೀವು ಕಂಬಳಿ ಕೊಡ್ತಿದ್ದೀರಿ."

ಹಾಗೆ ಹೋದ ಲಾಯರು ಮತ್ತೆ ಬರಲಿಲ್ಲ. ಮಗಳು ಎರಡು ಬೀದಿಯಾಚೆ ಇದ್ದಳು, ಔಷಧಿ ಅಂಗಡಿಯಲ್ಲಿ ಕೆಲಸ. ಸಂಜೆ ಅವಳು ಬರುವುದನ್ನೇ ಮಾಸ್ತರ ಕಾದು ಕೂತಿದ್ದ.

"ಈ ನಾಯಿ ಇವತ್ತಿಗೆ ಮುಗೀತು."

"ಅಪ್ಪ, ಅಮ್ಮನ ಕೈ ನೋಡಿ ಹೇಳಿ ಈ ಮಾತನ್ನ."

"ಕೈ ನೋಡ್ತಾ ಕೂತ್ರೆ ಅಂಗಡಿಗೆ ಬೀಗ ಹಾಕ್ಬೇಕಾಗುತ್ತೆ."

"ನಿಮ್ಮ ಇಷ್ಟಕ್ಕೆ ಮಾಡೋ ಹಾಗಿಲ್ಲ. ಅಮ್ಮನ್ನ ಕೇಳಿ."

"ಕೇಳೋಣ. ನೀನೇ ಸಾಕ್ಷಿ." ಅವನು ಮಂಚದ ಮುಂದೆ ನಿಂತ. ಕೋರ್ಟಿಗೆ ಕೋಟು ಹೊಲಿದೂ ಹೊಲಿದೂ ಅವನಿಗೂ ಒಂದಿಷ್ಟು ವಕೀಲಿಕೆ ಬಂದಿತ್ತು. "ನೋಡು, ನೇರವಾಗಿ ಕೇಳ್ತೀನಿ. ಈ ನಾಯಿನ ಏನು ಮಾಡ್ಲಿ?"

ಹೆಂಡತಿ ಅವನ ಮುಖವನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ನೋಡಿದಳು. "ಸಾಕು" ಎಂದಳು.

ಮಾಸ್ತರ ಮಗಳ ಕಡೆ ತಿರುಗಿದ. "ಕೇಳಿಸ್ತಾ?"

"ಕೇಳಿಸ್ತು. ಸಾಕು ಅಂದ್ಲು. ಸಾಕ್ಕೋ ಅಂತ."

"ಸಾಕು ಅಂದ್ರೆ ಸಾಕು. ಇನ್ನು ಬೇಡ ಅಂತ."

"ಅಪ್ಪ, ಕಿವಿ ಇದೆಯಲ್ಲ ನಿಮಗೆ? ಹೇಗೆ ಅಂದ್ಲು ಅಂತ ಕೇಳಿಸ್ಲಿಲ್ವಾ?"

ಹೆಂಡತಿಯ ಕಣ್ಣು ಇವನಿಂದ ಮಗಳಿಗೆ, ಮಗಳಿಂದ ಇವನಿಗೆ ಓಡಾಡಿತು. ತನ್ನ ಬಾಯಿಂದ ಬಂದದ್ದು ಯಾರ ಕೈಗೆ ಸಿಕ್ಕಿತೆಂದು ಅವಳಿಗೆ ತಿಳಿದಿರಬೇಕು. "ಸಾಕು, ಸಾಕು" ಎಂದಳು, ಗಾಬರಿಯಿಂದ. ಬೇರೆ ಏನು ಹೇಳುತ್ತಾಳೆ? ಇದ್ದದ್ದು ಅದೊಂದೇ.

"ನೋಡು, ಮೂರು ಸಲ ಹೇಳಿದ್ಲು" ಎಂದ ಮಾಸ್ತರ. ಮಗಳು ಚೀಲ ಎತ್ತಿಕೊಂಡು, ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಹೊರಟುಹೋದಳು. ಅವಳ ಮನೆ ಬಾಡಿಗೆಯದು, ಮಾಲೀಕರು ಬೆಕ್ಕನ್ನೂ ಸೇರಿಸುವವರಲ್ಲ.

ಊರಾಚೆ ಮರ ಕೊಯ್ಯುವ ಸಾಮಿಲ್ಲಿನವನಿಗೆ ಕಾವಲಿಗೆ ನಾಯಿ ಬೇಕಿತ್ತು. ಮಾರನೇ ದಿನವೇ ಅವನು ಗೂಡ್ಸ್ ಆಟೋ ಕಳಿಸಿದ. ಚಿಂದಿ ಮಂಚದಡಿಯಿಂದ ಹೊರಗೆ ಬರಲಿಲ್ಲ. ಮಾಸ್ತರ ಮೊಣಕಾಲೂರಿ ಬಗ್ಗಿ, ಜೀವನದಲ್ಲಿ ಮೊದಲ ಸಲ, ತನ್ನ ಕೈಯಿಂದ ಅದಕ್ಕೆ ಬಿಸ್ಕತ್ತು ಚಾಚಿದ. ಅದಕ್ಕೆ ಎಷ್ಟು ಆಶ್ಚರ್ಯವೋ ಅಷ್ಟು ಸಂತೋಷ. ಬಾಲವಾಡಿಸುತ್ತ ಅವನ ಹಿಂದೆಯೇ ಬಂದು ತಾನಾಗಿ ಆಟೋ ಹತ್ತಿತು. ಕೊಟ್ಟ ಬಿಸ್ಕತ್ತು ಇನ್ನೂ ಬಾಯಲ್ಲಿತ್ತು.

ಆವತ್ತು ಸಂಜೆಯವರೆಗೂ ಹೆಂಡತಿಯ ಬಲಗೈ ಮಂಚದ ಪಕ್ಕ ಗಾಳಿಯಲ್ಲಿ ತಡಕಾಡಿತು. "ಸಾಕು?" ಎಂದಳು, ಬಾಗಿಲ ಕಡೆ ತಿರುಗಿ.

"ಹೌದು, ಸಾಕು. ನೀನೇ ಹೇಳಿದ್ದು" ಎಂದ ಮಾಸ್ತರ, ಸೂಜಿಗೆ ದಾರ ಪೋಣಿಸುತ್ತ.

ಆಮೇಲೆ ಅವಳು ಮೊದಲ ಚಮಚಕ್ಕೇ ಸಾಕು ಎನ್ನತೊಡಗಿದಳು. ಹಲ್ಲು ಕಚ್ಚಿ ಮಲಗುವಳು. ಅವನು ದವಡೆ ಒತ್ತಿ ಗಂಜಿ ಹುಯ್ದರೆ ಅದು ಕಿವಿಯ ಕಡೆಗೆ ಹರಿಯುತ್ತಿತ್ತು. ಫಿಸಿಯೋ ಹುಡುಗಿ ಕೈ ಎತ್ತಿ ಬಿಟ್ಟು ನೋಡಿದಳು, ಮಂಚದಡಿ ಬಗ್ಗಿ ನೋಡಿದಳು.

"ನಾಯಿ ಎಲ್ಲಿ ಅಂಕಲ್?"

"ಕೆಲಸಕ್ಕೆ ಸೇರಿದೆ."

ಹುಡುಗಿ ನಗಲಿಲ್ಲ. "ನಾನು ಬಂದು ಪ್ರಯೋಜನ ಇಲ್ಲ" ಎಂದು ಹೇಳಿ ಹೋದಳು. ಮಗಳು ಬರುತ್ತಿದ್ದಳು, ಅಮ್ಮನ ತಲೆ ಬಾಚುತ್ತಿದ್ದಳು, ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಮೆಷಿನ್ನಿನ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಮಾಸ್ತರ ಬಯಸಿದ್ದು ಇದನ್ನೇ ಅಲ್ಲವೇ, ಸಿಕ್ಕಿತು. ಅವನಿಗೆ ನಿದ್ದೆ ಕೆಟ್ಟಿತು. ತಪ್ಪು ಮಾಡಿದೆನೆಂದು ಅವನಿಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬೇಡಿ. ಮಗಳಿಗೆ ಕೇಳಿಸಿದ್ದು ಅವನಿಗೂ ಕೇಳಿಸಿತ್ತು. ನೂಲಿನ ಎಳೆ ಎಳೆಯ ವ್ಯತ್ಯಾಸ ಬೆರಳಲ್ಲೇ ತಿಳಿಯುವ ಮನುಷ್ಯನಿಗೆ ಹೆಂಡತಿಯ ದನಿ ಏರಿದ್ದು ಇಳಿದದ್ದು ತಿಳಿಯದೆ ಹೋಗುತ್ತದೆಯೇ?

ಒಂದು ಬೆಳಿಗ್ಗೆ ಅವನು ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತ. ನಾಯಿಯನ್ನು ತರುವುದೆಂದು ಆಗಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದ. ಸುಮ್ಮನೆ ಎದ್ದು ಹೋಗಿ ತಂದಿದ್ದರೆ ಆಗುತ್ತಿತ್ತು. ಆದರೆ ಸೋತೆ ಎಂದು ತಾನಾಗಿ ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲಿರಲಿಲ್ಲ. ಅವಳು ಕೇಳಿಕೊಳ್ಳಬೇಕಿತ್ತು. ಒಂದು ಸಲ, ಅವನ ಕಡೆ ನೋಡಿ.

"ತರ್ಲಾ ನಿನ್ನ ಚಿಂದಿನ?"

ಅವಳ ಕಣ್ಣು ಅಗಲವಾಯಿತು. ಎಡಗೈ ಬಂದು ಅವನ ಅಂಗಿಯ ಎದೆ ಹಿಡಿಯಿತು. "ಸಾಕು" ಎಂದಳು. ಉದ್ದಕ್ಕೆ ಎಳೆದು, ನಾಯಿಗೆ ಹೇಳುತ್ತಿದ್ದ ಆ ರಾಗದಲ್ಲಿ, ಅವನಿಗೆ ಹೇಳಿದಳು.

ಆ ಹೊತ್ತಿಗೆ ಅವನೊಳಗೆ ಏನು ಹೊಕ್ಕಿತೋ. ತನಗಾಗಿ ಒಂದು ಸಲವೂ ಬಾರದ ರಾಗ ಆ ನಾಯಿಯ ಹೆಸರೆತ್ತಿದ ಕೂಡಲೇ ಬಂತಲ್ಲ ಎಂಬುದೇ ಅವನಿಗೆ ಕಂಡದ್ದು.

"ಸಾಕು ಅಂದ್ಮೇಲೆ ಆಯ್ತು. ಬೇಡ ಬಿಡು" ಎಂದು ಅಂಗಿಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅವಳು ಅವನನ್ನೇ ನೋಡುತ್ತ ಮಲಗಿದಳು. ನಾಳೆ ತಂದರಾಯಿತು, ಒಂದು ದಿನ ಕಾಯಲಿ, ಎಂದು ಅವನು ಮೆಷಿನ್ನಿಗೆ ಹೋಗಿ ಕೂತ. ನಾಳೆ ತರುವ ಮನಸ್ಸು ನಿಜವಾಗಿಯೂ ಇತ್ತು. ಆ ಮನುಷ್ಯನ ಇಡೀ ಬಾಳಿನಲ್ಲಿ ಅದಕ್ಕಿಂತ ನೀಚವಾದ ಸತ್ಯ ಇನ್ನೊಂದಿಲ್ಲ.

ಸಂಜೆಯೊಳಗೆ ಅವಳಿಗೆ ಇನ್ನೊಮ್ಮೆ ಲಕ್ವ ಬಡಿಯಿತು. ಈ ಸಲ ಮಾಸ್ತರ ಅವಳ ಕಡೆಗೇ ತಿರುಗಿ ಕೂತಿದ್ದ, ಕೂಡಲೇ ಕಂಡ, ಕೂಡಲೇ ಆಸ್ಪತ್ರೆಗೆ ಹೊತ್ತ. ಅದರಿಂದ ಜೀವ ಉಳಿಯಿತು. ಎಡಗೈಯೂ ಹೋಯಿತು, ಆ ಒಂದು ಮಾತೂ ಹೋಯಿತು. ಮನೆಗೆ ತಂದು ಮಲಗಿಸಿದಾಗ ಮೂಗಿನಲ್ಲಿ ನಳಿಗೆ, ಕಣ್ಣು ಛಾವಣಿಯ ಕಡೆ. ಡಾಕ್ಟರು ಅವಳಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಹೇಳಲಾಗುವುದಿಲ್ಲ ಎಂದರು.

ಮನೆಗೆ ತಂದ ಮಾರನೇ ದಿನ ಅವನು ಸಾಮಿಲ್ಲಿಗೆ ಹೋದ. ಚಿಂದಿಯನ್ನು ಮರದ ದಿಮ್ಮಿಗೆ ಕಟ್ಟಿಹಾಕಿದ್ದರು. ಕೊರಳ ಸುತ್ತ ಹಗ್ಗ ಉಜ್ಜಿ ಕೂದಲು ಉದುರಿ, ಕೆಂಪಗೆ ಹಸಿಯಾಗಿತ್ತು. ಪಕ್ಕೆಲುಬು ಮತ್ತೆ ಎದ್ದಿದ್ದವು.

"ಒಂದು ದಿನ ಬೊಗಳಿದ್ರೆ ಕೇಳಿ ಮಾಸ್ಟ್ರೇ" ಎಂದ ಸಾಮಿಲ್ಲಿನವನು. "ಮೂಗ ನಾಯಿನ ತಂದು ಗಂಟು ಹಾಕಿದ್ರಿ ನನಗೆ. ಕರ್ಕೊಂಡು ಹೋಗಿ, ಪುಣ್ಯ ಬರುತ್ತೆ."

ಅವನು ಬಿಸ್ಕತ್ತು ಚಾಚಿದ. ಚಿಂದಿ ಅದನ್ನು ಮೂಸಲೂ ಇಲ್ಲ. ಹಗ್ಗ ಎಳೆದಾಗ ಬಂತು, ನಿಲ್ಲಿಸಿದಾಗ ನಿಂತಿತು. ಮನೆಯ ತಿರುವು ಬಂದಾಗ ಮಾತ್ರ ಜೋತುಕಿವಿ ಎತ್ತಿ, ಅವನನ್ನೇ ಎಳೆದುಕೊಂಡು ಓಡಿತು. ಹೊಸ್ತಿಲು ಹಾರಿ, ಮಂಚದ ಪಕ್ಕ ಹೋಗಿ, ಇಳಿಬಿದ್ದ ಬಲಗೈಯ ಕೆಳಗೆ ತಲೆ ತೂರಿಸಿ ನಿಂತಿತು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಇಬ್ಬರೂ ಆ ಬೆರಳುಗಳನ್ನು ನೋಡಿದರು. ಚಿಂದಿ ತಲೆಯಿಂದ ಕೈಯನ್ನು ಎತ್ತಿ ಕೊಟ್ಟಿತು, ಕೈ ಜಾರಿತು. ಮತ್ತೆ ಎತ್ತಿ ಕೊಟ್ಟಿತು.

"ತಡಿ" ಎಂದ ಮಾಸ್ತರ, ನಾಯಿಗೆ. ನೆಲದ ಮೇಲೆ ಕೂತು ಹೆಂಡತಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಅವಳ ಬೆರಳುಗಳನ್ನು ಬಿಡಿಸಿ, ನೆಟ್ಟಗೆ ಮಾಡಿ, ಚಿಂದಿಯ ನೆತ್ತಿಯ ಮೇಲಿಟ್ಟು, ಬಟ್ಟೆಯ ಸುಕ್ಕು ತೀಡುವಷ್ಟು ಮೆಲ್ಲಗೆ ಹಿಂದಕ್ಕೆ ಎಳೆದ. ಜೋತುಕಿವಿಯ ಬುಡಕ್ಕೆ ಒಯ್ದ. ಅಲ್ಲೇ ಅವಳು ತುರಿಸುತ್ತಿದ್ದಳೆಂದು ಅವನಿಗೆ ಗೊತ್ತಿತ್ತು. ಹೊಟ್ಟೆಕಿಚ್ಚಿನಿಂದ ದಿನವೂ ನೋಡಿದ್ದನಲ್ಲ.

ಚಿಂದಿ ಒಂದು ಕ್ಷಣ ಕಣ್ಣು ಮುಚ್ಚಿತು. ಆಮೇಲೆ ತೆರೆದು ಆ ಕೈಯನ್ನು ಮೂಸಿತು, ಅದರ ಮೇಲಿದ್ದ ಅವನ ಕೈಯನ್ನೂ ಮೂಸಿತು. ತಲೆಯನ್ನು ಮೆಲ್ಲಗೆ ಕೆಳಗೆ ಎಳೆದುಕೊಂಡಿತು. ಮಂಚದಡಿ ನುಸುಳಿ, ಅವನ ಕೈಗೆ ಎಟುಕದ ಹಾಗೆ ಆಚೆ ಬದಿಯ ಗೋಡೆಗೆ ಒತ್ತಿಕೊಂಡು ಮಲಗಿತು. ಹೆಂಡತಿಯ ಕೈ ಅವನ ಕೈಯಲ್ಲೇ ಉಳಿಯಿತು.